ಬಲಗೈಯ ತಪಾಸಣೆ

ಒಬ್ಬ ಮನುಷ್ಯನ ಹದಿನಾರು ವರ್ಷದ ದುಡಿಮೆಯನ್ನು ನಾನು ಎರಡು ನಿಮಿಷದ ಮಾತಿನಲ್ಲಿ ಹಾಳು ಮಾಡಿದೆ. ಆಡಿದ ಮಾತಿನಲ್ಲಿ ಸುಳ್ಳು ಒಂದೂ ಇರಲಿಲ್ಲ. ಕಣ್ಣಾರೆ ಕಂಡದ್ದನ್ನೇ ಹೇಳಿದ್ದೆ. ಸುಳ್ಳು ಹೇಳಿದ್ದಿದ್ದರೆ ಕ್ಷಮೆ ಕೇಳುವುದು ಇಷ್ಟು ಕಷ್ಟವಾಗುತ್ತಿರಲಿಲ್ಲವೇನೋ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಮೈಸೂರಿನ ಬಸ್ ಡಿಪೋದಲ್ಲಿ ಬದಲಿ ಕಂಡಕ್ಟರಾಗಿ ಸೇರಿದವನು ಚೆಕಿಂಗ್ ಇನ್ಸ್‌ಪೆಕ್ಟರಾಗಿ ನಿವೃತ್ತನಾದೆ. ಬಸ್ಸು ಎಲ್ಲಿ ನಿಧಾನವಾಗುತ್ತದೋ ಅಲ್ಲಿ, ತಿರುವಿನಲ್ಲೋ ರೈಲ್ವೆ ಗೇಟಿನಲ್ಲೋ, ಮರದ ಹಿಂದಿನಿಂದ ಬಂದು ಹತ್ತುವುದು ನಮ್ಮ ಪದ್ಧತಿ. ಹತ್ತಿದ ತಕ್ಷಣ ಕಂಡಕ್ಟರನ ಮುಖ ನೋಡಬಾರದು, ಕೈ ನೋಡಬೇಕು ಎಂದು ನನಗೆ ಕೆಲಸ ಕಲಿಸಿದ ಹಿರಿಯರು ಹೇಳಿದ್ದರು. ಮುಖ ನಟಿಸುತ್ತದೆ, ಕೈ ನಟಿಸುವುದಿಲ್ಲ. ಇಪ್ಪತ್ತೆರಡು ವರ್ಷ ನಾನು ಜನರ ಕೈಗಳನ್ನೇ ನೋಡಿದೆ. ಮೆಮೊ ಬರೆದೆ. ಆ ಮೆಮೊದ ಹಾಳೆಯಲ್ಲಿ ಬಸ್ಸಿನ ನಂಬರಿಗೆ, ಸ್ಥಳಕ್ಕೆ, ಸಮಯಕ್ಕೆ, ತಪ್ಪಿಗೆ ಒಂದೊಂದು ಅಂಕಣವಿತ್ತು. ಯಾಕೆ ಹೀಗೆ ಮಾಡಿದೆ ಎಂದು ಕೇಳಿ ಬರೆಯುವುದಕ್ಕೆ ಅಂಕಣವಿರಲಿಲ್ಲ. ನಾನೂ ಕೇಳಲಿಲ್ಲ.

ಹೆಂಡತಿ ತೀರಿಕೊಂಡ ಮೇಲೆ ಮಗಳು ನನ್ನನ್ನು ವಾಲ್ನಟ್ ಕ್ರೀಕಿನ ತನ್ನ ಮನೆಗೆ ಕರೆತಂದಳು. ಅವಳಿಗೆ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಲ್ಯಾಬಿನಲ್ಲಿ ಕೆಲಸ. ಬೆಳಿಗ್ಗೆ ಆರೂವರೆಯ ರೈಲು ಹಿಡಿದರೆ ಬರುವಾಗ ಸಂಜೆ ಏಳು. ಅವಳ ಒಬ್ಬನೇ ಮಗ ಕಾಲೇಜಿಗೆಂದು ದೂರದ ಊರಿಗೆ ಹೋಗಿದ್ದ. ಹಗಲೆಲ್ಲ ನಾನೊಬ್ಬನೇ. ಕಿಟಕಿಯಲ್ಲಿ ಕೂತು, ಪಾರ್ಸೆಲ್ ತರುವವರ ಕೈ ನೋಡುತ್ತಿದ್ದೆ. ಎದುರು ಮನೆಯವನು ತನ್ನ ಕಸವನ್ನು ನಮ್ಮ ಡಬ್ಬಿಗೆ ಹಾಕುತ್ತಾನೆ ಎಂಬ ಅನುಮಾನ ನನಗೆ ಮೊದಲಿನಿಂದ ಇತ್ತು. ಈಗಲೂ ಇದೆ.

ಆ ವರ್ಷ ಏಪ್ರಿಲ್ಲಿನಲ್ಲಿ ಒಂದು ದಿನ ಮಗಳು ಊಟದ ಹೊತ್ತಿನಲ್ಲಿ, "ಅಪ್ಪಾ, ಮನೇಲಿ ಒಬ್ರನ್ನ ಇಟ್ಕೊಳ್ಳೋಣ ಅಂತಿದೀನಿ, ಸೆಪ್ಟೆಂಬರ್ ತನಕ" ಎಂದಳು.

"ಯಾರನ್ನ? ಬಾಡಿಗೆಗಾ?"

"ಬಾಡಿಗೆ ಇಲ್ಲ. ಬೇಸ್‌ಬಾಲ್ ಪ್ಲೇಯರ್ರು. ಇಲ್ಲಿಂದ ಇಪ್ಪತ್ತು ನಿಮಿಷ ಫ್ರೀವೇಲಿ ಹೋದ್ರೆ ಒಂದು ಸಣ್ಣ ಸ್ಟೇಡಿಯಂ ಇದೆಯಲ್ಲ, ಆ ಟೀಮು. ಅವರಿಗೆ ಸಂಬಳ ಅಷ್ಟೇನೂ ಇರಲ್ಲ. ಊರಿನ ಮನೆಯವರೇ ರೂಮ್ ಕೊಡ್ತಾರೆ. ಮಗನ ರೂಮು ಹೇಗೂ ಖಾಲಿ ಬಿದ್ದಿದೆ."

"ಪರಿಚಯ ಇಲ್ಲದ ಗಂಡಸನ್ನ, ಪುಕ್ಕಟೆಗೆ?"

"ನಿಮಗೂ ಪುಕ್ಕಟೆ ಟಿಕೆಟ್ಟು ಕೊಡ್ತಾರೆ. ಚೆಕ್ ಮಾಡಿಸ್ಕೊಂಡು ಒಳಗೆ ಹೋಗಿ, ಒಂದ್ಸಲ ಹೇಗಿರತ್ತೆ ನೋಡಿ" ಎಂದು ನಕ್ಕಳು.

ಹೀಗೆ ಮೇ ತಿಂಗಳಲ್ಲಿ ಅವನು ಬಂದ. ಮೂವತ್ತನಾಲ್ಕು ವರ್ಷ, ಬಾಗಿಲಿಗೆ ತಲೆ ತಗಲುವಷ್ಟು ಎತ್ತರ. ದೂರದ ರಾಜ್ಯದಲ್ಲಿ ಹೆಂಡತಿ, ಎರಡು ವರ್ಷದ ಮಗಳು. ನನ್ನನ್ನು ಏನೆಂದು ಕರೆಯಬೇಕೆಂದು ಕೇಳಿದಾಗ ಮಗಳು 'ತಾತ' ಎಂದು ಹೇಳಿಕೊಟ್ಟಳು. ಅವನು ಕೊನೆಯ ಅಕ್ಷರವನ್ನು ಎಳೆದು, ದೂರದಲ್ಲಿರುವವರನ್ನು ಕೂಗುವಂತೆ 'ತಾತಾ' ಎನ್ನುತ್ತಿದ್ದ. ಅವನು ಇಂಗ್ಲಿಷಿನಲ್ಲಿ ಹೇಳಿದ್ದನ್ನೆಲ್ಲ ನಾನು ಇಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಅವನ ಕೆಲಸ ಏನೆಂದು ತಿಳಿಯಲು ನನಗೆ ಒಂದೆರಡು ವಾರ ಬೇಕಾಯಿತು. ಬೇಸ್‌ಬಾಲಿನಲ್ಲಿ ಚೆಂಡು ಎಸೆಯುವವನು ಪಿಚರ್. ಆಟ ಶುರು ಮಾಡುವ ಪಿಚರ್ ದಣಿದಾಗ ಅಥವಾ ಹೊಡೆಸಿಕೊಳ್ಳುವಾಗ ಇನ್ನೊಬ್ಬನನ್ನು ಕರೆಯುತ್ತಾರೆ. ಹಾಗೆ ಕರೆಸಿಕೊಳ್ಳುವವರ ಗುಂಪು ಮೈದಾನದ ಬೇಲಿಯಾಚೆ, ಬುಲ್‌ಪೆನ್ ಎಂಬ ಉದ್ದನೆಯ ಆವರಣದಲ್ಲಿ ಬೆಂಚಿನ ಮೇಲೆ ಕೂತಿರುತ್ತದೆ. ಇವನು ಅವರಲ್ಲೊಬ್ಬ, ರಿಲೀಫ್ ಪಿಚರ್. ಅಲ್ಲೊಂದು ಫೋನಿದೆ. ಅದು ಬಡಿದರೆ ಎದ್ದು, ಮೈ ಬಿಸಿಯಾಗುವವರೆಗೆ ಎಸೆಯಬೇಕು. ಆಮೇಲೆ ಕರೆದರೆ ಹೋಗಿ ಮೂವರಿಗೋ ನಾಲ್ವರಿಗೋ ಎಸೆಯಬೇಕು. ಕರೆಯದಿದ್ದರೆ ಮತ್ತೆ ಕೂರಬೇಕು. ಕರೆಯದೆ ಹೋದ ದಿನ ಬುಲ್‌ಪೆನ್ನಿನಲ್ಲಿ ಎಸೆದ ಚೆಂಡುಗಳು ಯಾವ ದಾಖಲೆಯಲ್ಲೂ ಇರುವುದಿಲ್ಲ.

ಅದು ಕೇಳಿದಾಗ ನನಗೆ ಡಿಪೋದ ಬೆಂಚು ನೆನಪಾಯಿತು. ಬದಲಿ ಕಂಡಕ್ಟರು ಬೆಳಗಿನ ಜಾವ ಯೂನಿಫಾರಂ ಹಾಕಿ ಹೋಗಿ ಕೂರಬೇಕು. ಯಾರಾದರೂ ರಜೆ ಹಾಕಿದರೆ, ಕುಡಿದು ಬಂದರೆ, ಆ ಬಸ್ಸು ನಮಗೆ. ಇಲ್ಲದಿದ್ದರೆ ಮಧ್ಯಾಹ್ನ ಹಾಗೇ ಮನೆಗೆ. ಇದನ್ನು ನನ್ನ ಕಂಡಕ್ಟರ್ ಇಂಗ್ಲಿಷಿನಲ್ಲಿ ಅವನಿಗೆ ಹೇಳಿದೆ. ಅವನು ತಟ್ಟೆ ಬದಿಗಿಟ್ಟು ಕೇಳಿದ. "ಹಾಗಾದರೆ ನೀವೂ ರಿಲೀಫು" ಎಂದ. ಅಮೆರಿಕಕ್ಕೆ ಬಂದ ಮೇಲೆ ನನ್ನ ಕೆಲಸದ ಬಗ್ಗೆ ಯಾರಾದರೂ ಕಿವಿಗೊಟ್ಟು ಕೇಳಿದ್ದು ಅದೇ ಮೊದಲು. ಅವನನ್ನು ಇಷ್ಟಪಡಲು ಅಷ್ಟು ಸಾಕಾಗಿತ್ತು. ಆದರೆ ನಾನು ಅಷ್ಟು ಹೊತ್ತೂ ಅವನ ಕೈಗಳನ್ನು ನೋಡುತ್ತಿದ್ದೆ.

ಅವನು ಚಮಚ ಹಿಡಿದಿದ್ದು ಎಡಗೈಯಲ್ಲಿ.

ಮೊದಲು ನನಗೆ ಬರೀ ಅಸಹ್ಯವಾಯಿತು. ಎಡಗೈಯಲ್ಲಿ ಊಟ, ಎಡಗೈಯಲ್ಲಿ ಕಾಫಿ ಲೋಟ, ನನಗೆ ಉಪ್ಪು ದಾಟಿಸುವುದೂ ಎಡಗೈಯಲ್ಲೇ. ಒಂದು ಬೆಳಿಗ್ಗೆ ಪೂಜೆ ಮುಗಿಸಿ ಎದ್ದಾಗ ಅವನು ಕುತೂಹಲದಿಂದ ಹತ್ತಿರ ಬಂದು ನಿಂತ. ತೀರ್ಥ ಕೊಡೋಣವೆಂದು ಉದ್ಧರಣೆ ಎತ್ತಿದೆ. ಅವನು ಎಡಗೈ ಚಾಚಿದ. ನನ್ನ ಕೈ ಅಲ್ಲೇ ನಿಂತಿತು. ಉದ್ಧರಣೆಯನ್ನು ಪಾತ್ರೆಗೆ ಇಳಿಸಿ, "ಆಮೇಲೆ" ಎಂದು ಒಳಗೆ ಹೋದೆ. ಅವನು "ಸಾರಿ, ತಾತಾ" ಎಂದ. ಯಾತಕ್ಕೆ ಸಾರಿ ಎಂದು ಅವನಿಗೆ ಗೊತ್ತಿರಲಿಲ್ಲ. ನಾನು ಹೇಳಲೂ ಇಲ್ಲ.

ಆ ರಾತ್ರಿ ಊಟ ಬಡಿಸುತ್ತಾ ಮಗಳಿಗೆ ಹೇಳಿದೆ. ಅವನು ಆಟಕ್ಕೆ ಹೋಗಿದ್ದ.

"ಲೆಫ್ಟಿ ಇರಬಹುದು ಬಿಡಿ ಅಪ್ಪಾ. ಇಲ್ಲಿ ಅದೆಲ್ಲ ಯಾರೂ ನೋಡಲ್ಲ."

"ಬಾಲು ಬಲಗೈಲಿ ಎಸೀತಾನಲ್ಲೇ."

"ಹೌದಲ್ವಾ..." ಎಂದಳು. ಆಮೇಲೆ, "ಅಯ್ಯೋ, ಹೇಗಾದ್ರೂ ತಿನ್ಲಿ. ನಿಮಗೆ ಕೆಲಸ ಇಲ್ಲ" ಎಂದಳು.

ಅವಳು ಹೇಳಿದ್ದು ನಿಜ. ಕೆಲಸವಿರಲಿಲ್ಲ. ನಾನು ಕೆಲಸ ಮಾಡಿಕೊಂಡೆ.

ಅಂದಿನಿಂದ ಗಮನವಿಟ್ಟು ನೋಡಿದೆ. ಬಾಗಿಲು ತೆಗೆಯುವುದು ಎಡಗೈಯಲ್ಲಿ. ಆಟದ ಚೀಲ ಎಡಹೆಗಲಿಗೆ. ಹಲ್ಲುಜ್ಜುವುದು ಎಡಗೈಯಲ್ಲಿ, ಬಚ್ಚಲಿನ ಬಾಗಿಲು ಅರೆ ತೆರೆದಿದ್ದಾಗ ನೋಡಿದ್ದೆ. ನಾಲ್ಕನೇ ವಾರ ನಾನು ಬೇಕೆಂದೇ ಹತ್ತು ಸೇರಿನ ಅಕ್ಕಿ ಚೀಲವನ್ನು ಅವನ ಬಲಕ್ಕೆ ಇಟ್ಟು, ಒಳಗಿಡಪ್ಪಾ ಎಂದೆ. ಅವನು ಸುತ್ತಿ ಬಂದು ಎಡಗೈಯಲ್ಲಿ ಎತ್ತಿದ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಫೋಟೋದಲ್ಲಿ ಅವನ ಮಗುವೂ ಎಡತೋಳಿನಲ್ಲೇ ಇತ್ತು. ಬಲಗೈ ದೇಹದ ಪಕ್ಕಕ್ಕೆ ಸುಮ್ಮನೆ ಇಳಿಬಿದ್ದಿತ್ತು, ಬೇರೆ ಯಾರದೋ ಕೈ ಎಂಬಂತೆ.

ಫ್ರೀಜರಿನಲ್ಲಿ ಮಗಳ ತೆಂಗಿನತುರಿಯ ಪೊಟ್ಟಣಗಳನ್ನು ಒಂದು ಮೂಲೆಗೆ ತಳ್ಳಿ ಐಸಿನ ಚೀಲಗಳು ತುಂಬಿಕೊಂಡಿದ್ದವು. ಆಡಿದ ಮಾರನೆಯ ಬೆಳಿಗ್ಗೆ ಅವನು ಬಲ ಮೊಣಕೈಗೂ ಹೆಗಲಿಗೂ ಐಸು ಸುತ್ತಿಕೊಂಡು ಸೋಫಾದಲ್ಲಿ ಕೂರುತ್ತಿದ್ದ. ಆ ಮೊಣಕೈಯ ಒಳಬದಿಯಲ್ಲಿ ಉದ್ದನೆಯ ಹೊಲಿಗೆಯ ಗುರುತು. ಅದರ ಕತೆಯನ್ನು ಅವನೇ ಹೇಳಿದ್ದ. ಹದಿನೆಂಟನೇ ವಯಸ್ಸಿಗೆ ಆಟಕ್ಕೆ ಸೇರಿದ್ದು, ಹನ್ನೊಂದು ಊರುಗಳ ಟೀಮುಗಳಲ್ಲಿ ಆಡಿದ್ದು, ಎಲ್ಲರೂ ಟಿವಿಯಲ್ಲಿ ನೋಡುವ ದೊಡ್ಡ ಲೀಗಿನಲ್ಲಿ ಹತ್ತೊಂಬತ್ತು ದಿನ ಇದ್ದದ್ದು, ಇಪ್ಪತ್ತನೇ ದಿನ ಮೊಣಕೈಯ ನರ ಹರಿದದ್ದು. ಮಣಿಕಟ್ಟಿನಿಂದ ಒಂದು ನರ ತೆಗೆದು ಅಲ್ಲಿ ಕಟ್ಟಿದ್ದರು. ಮತ್ತೆ ಎಸೆಯಲು ಒಂದೂವರೆ ವರ್ಷ. ಆಮೇಲೆ ಮೆಕ್ಸಿಕೋ, ಆಮೇಲೆ ಇಲ್ಲಿ. "ಒಂದು ಫೋನು ಬಂದರೆ ಸಾಕು" ಎನ್ನುತ್ತಿದ್ದ. ಯಾವುದಾದರೂ ದೊಡ್ಡ ಟೀಮು ಇವನನ್ನು ಕೊಂಡುಕೊಳ್ಳಬೇಕು. ಇನ್ನೊಂದು ವರ್ಷ ಹೋದರೆ ಮೂವತ್ತೈದು. ಆಮೇಲೆ ಯಾರೂ ಕೇಳುವುದಿಲ್ಲ.

ಇದನ್ನೆಲ್ಲ ಅವನು ಮುಚ್ಚುಮರೆಯಿಲ್ಲದೆ ಹೇಳಿದ. ನನ್ನ ವೃತ್ತಿಯಲ್ಲಿ, ಹಳೆಯದನ್ನು ಧಾರಾಳವಾಗಿ ಒಪ್ಪಿಕೊಳ್ಳುವವನು ಹೊಸದನ್ನು ಬಚ್ಚಿಡುತ್ತಾನೆ ಎಂದು ಲೆಕ್ಕ.

ದಿನಾ ಹನ್ನೆರಡು ಗಂಟೆಗೆ ಗ್ಯಾರೇಜಿಗೆ ಹೋಗಿ ಬಾಗಿಲು ಹಾಕಿಕೊಂಡು ಫೋನಿನಲ್ಲಿ ಪಿಸುಪಿಸು ಮಾತಾಡುತ್ತಿದ್ದ. ಯಾವ ಡಾಕ್ಟರು, ಯಾವ ಔಷಧಿ? ಒಂದು ಮಧ್ಯಾಹ್ನ ನಾನು ಚಪ್ಪಲಿ ಬಿಟ್ಟು ಹೋಗಿ ಬಾಗಿಲನ್ನು ಸರಕ್ಕನೆ ತೆಗೆದೆ. ಅವನು ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು, ಎಡಗೈಯಲ್ಲಿ ಫೋನು ಹಿಡಿದು, ಸಣ್ಣ ದನಿಯಲ್ಲಿ ಹಾಡುತ್ತಿದ್ದ. ಪರದೆಯಲ್ಲಿ ಮಗು. ಅವರ ಊರಿನಲ್ಲಿ ಆಗ ಮೂರು ಗಂಟೆ, ಮಗು ಮಲಗುವ ಹೊತ್ತು. ತುಟಿಯ ಮೇಲೆ ಬೆರಳಿಟ್ಟು ನನಗೆ ಸದ್ದು ಮಾಡಬೇಡಿ ಎಂದು ಸನ್ನೆ ಮಾಡಿದ, ನಗುತ್ತಲೇ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಅನುಮಾನ ಬಿಡುತ್ತಿದ್ದರು. ಕಳ್ಳರೂ ಮಕ್ಕಳಿಗೆ ಜೋಗುಳ ಹಾಡುತ್ತಾರೆ ಎಂದುಕೊಂಡು ನಾನು ಬಾಗಿಲು ಹಾಕಿದೆ.

ಆಟಕ್ಕೂ ಹೋಗತೊಡಗಿದೆ. ಅಲ್ಲಿ ಒಂದು ಸಂಗತಿ ಕಂಡು ನನಗೆ ರೋಮಾಂಚನವಾಯಿತು. ಪಿಚರ್ ಎಸೆದು ಮುಗಿಸಿ ಹೊರಗೆ ಬರುವಾಗ ಅಂಪೈರು ಅವನನ್ನು ತಡೆದು ಎರಡೂ ಅಂಗೈ ತಿರುಗಿಸಿ ನೋಡುತ್ತಾರೆ, ಉಜ್ಜಿ ನೋಡುತ್ತಾರೆ. ಚೆಂಡು ಜಾರದಿರಲೆಂದು ಅಂಟು ಹಚ್ಚಿಕೊಂಡಿದ್ದಾರೆಯೇ ಎಂಬ ತಪಾಸಣೆ. ಇಲ್ಲೂ ಚೆಕಿಂಗ್ ಇದೆ! ನನ್ನವರು ಇಲ್ಲೂ ಇದ್ದಾರೆ! ಆದರೆ ಅಂಗೈ ನೋಡಿದರೆ ಏನು ಬಂತು, ಮೊಣಕೈ ನೋಡಬೇಕು ಎಂದುಕೊಂಡೆ. ಅವನು ಮಾತ್ರ ಚೆನ್ನಾಗಿಯೇ ಎಸೆಯುತ್ತಿದ್ದ. ಅದು ನನ್ನ ಅನುಮಾನಕ್ಕೆ ಅಡ್ಡ ಬರಬೇಕಿತ್ತು. ಬರಲಿಲ್ಲ. ಮನೆಯಲ್ಲಿ ಉಳಿಸಿಕೊಂಡ ಕೊನೆಯ ಶಕ್ತಿಯನ್ನು ಇಲ್ಲಿ ಖರ್ಚು ಮಾಡುತ್ತಿದ್ದಾನೆ, ಕೈ ಇವತ್ತೋ ನಾಳೆಯೋ ಮುರಿಯುತ್ತದೆ ಎಂದು ತೀರ್ಮಾನಿಸಿದೆ.

ಎರಡನೇ ಅಭಿಪ್ರಾಯಕ್ಕೆಂದು ಸರಟೋಗಾದಲ್ಲಿರುವ ಸ್ನೇಹಿತನಿಗೆ ಫೋನು ಮಾಡಿದೆ. ಮೈಸೂರಿನವನೇ, ನಿವೃತ್ತ ಡಾಕ್ಟರು.

"ಎಡಗೈಲಿ ಊಟ ಮಾಡ್ತಾನಾ?"

"ಹೂಂ."

"ಭಾರ ಎತ್ತೋದೂ ಎಡಗೈಲೇನಾ?"

"ಒಂದು ಲೋಟ ಕೂಡ ಬಲಗೈಲಿ ಎತ್ತಲ್ಲ ಕಣಯ್ಯ."

"ಇರೋ ಬಲಗೈ ಬಿಟ್ಟು ಯಾರಾದ್ರೂ ಎಡಗೈಲಿ ತಿಂತಾರಾ? ಮೊಣಕೈ ಹೋಗಿದೆ. ಅದನ್ನೇನು ಕೇಳೋದು?"

ಅವನು ಕಣ್ಣಿನ ಡಾಕ್ಟರು. ಅದು ನನಗೆ ಆಗ ದೊಡ್ಡದಾಗಿ ಕಾಣಲಿಲ್ಲ.

ಜುಲೈ ತಿಂಗಳ ಒಂದು ಮಂಗಳವಾರ ಅವನು ಕುಣಿಯುತ್ತಾ ಒಳಗೆ ಬಂದ. ಒಂದು ದೊಡ್ಡ ಟೀಮಿಗೆ ತಕ್ಷಣ ಒಬ್ಬ ರಿಲೀಫ್ ಪಿಚರ್ ಬೇಕಂತೆ. ನೋಡಿ ಆರಿಸಲು ಶುಕ್ರವಾರ ಅವರ ಕಡೆಯ ಮನುಷ್ಯ ಬರುತ್ತಾನಂತೆ. ಮ್ಯಾನೇಜರು ಇವನ ಹೆಸರನ್ನೇ ಮೊದಲು ಹೇಳಿದ್ದಾರಂತೆ. ಮಗಳು ಅವತ್ತು ಶಾವಿಗೆ ಪಾಯಸ ಮಾಡಿದಳು. ಅವನು ಎಡಗೈಯಲ್ಲಿ ಮೂರು ಬಟ್ಟಲು ಕುಡಿದ. ಹೆಂಡತಿಗೆ ಫೋನು ಮಾಡಿ ಅತ್ತ. ನಾನು ಪಾಯಸ ಕುಡಿಯುತ್ತಾ, ಈ ಮನೆಯಲ್ಲಿ ಕಣ್ಣು ಬಿಟ್ಟುಕೊಂಡಿರುವವನು ನಾನೊಬ್ಬನೇ ಎಂದುಕೊಂಡೆ.

ಬುಧವಾರ ಆಟಕ್ಕೆ ಮುಂಚೆ ಮ್ಯಾನೇಜರು ನಾನು ಕೂತಿದ್ದ ಕಂಬಿಯ ಹತ್ತಿರ ಬಂದರು. ಐವತ್ತು ದಾಟಿದ ಮನುಷ್ಯ, ಚೆಂಡು ಹಿಡಿದು ಹಿಡಿದು ಗಂಟುಗಂಟಾದ ಬೆರಳುಗಳು. ಮನೆಯಲ್ಲಿ ಆಟಗಾರರನ್ನು ಇಟ್ಟುಕೊಂಡವರನ್ನೆಲ್ಲ ಅವರು ಹೀಗೆ ಮಾತಾಡಿಸುವುದಿತ್ತು.

"ನಮ್ಮವನು ಹೇಗಿದ್ದಾನೆ, ಸರ್? ನಿಮಗೇನೂ ತೊಂದರೆ ಕೊಡುತ್ತಿಲ್ಲ ತಾನೆ?"

ಉಪಚಾರದ ಮಾತು. ಒಳ್ಳೆಯವನು ಎಂದಿದ್ದರೆ ಮುಗಿಯುತ್ತಿತ್ತು. ನಾನು ಎದ್ದು ನಿಂತೆ. ಸಾಹೇಬರ ಮುಂದೆ ವರದಿ ಒಪ್ಪಿಸುವಾಗ ನಿಲ್ಲುತ್ತಿದ್ದ ಹಾಗೆಯೇ ನಿಂತೆ.

"ಮನೆಯಲ್ಲಿ ಅವನು ಬಲಗೈ ಉಪಯೋಗಿಸುವುದಿಲ್ಲ" ಎಂದೆ. "ಹತ್ತು ವಾರದಿಂದ ನೋಡುತ್ತಿದ್ದೇನೆ. ಊಟ ಎಡಗೈ. ಬಾಗಿಲು ಎಡಗೈ. ಹಲ್ಲುಜ್ಜುವುದು ಎಡಗೈ. ಆಡಿ ಬಂದರೆ ಐಸು. ಒಂದು ಲೋಟವನ್ನೂ ಬಲಗೈಯಲ್ಲಿ ಎತ್ತುವುದಿಲ್ಲ."

ಅವರ ಮುಖದ ನಗು ಹೋಯಿತು. "ನೋವು ಇದೆ ಎಂದು ಅವನು ಹೇಳಿದನೇ?"

"ಹೇಳುವುದಿಲ್ಲ. ಅದಕ್ಕೇ ನಾನು ಹೇಳುತ್ತಿದ್ದೇನೆ."

ಅವರು "ಥ್ಯಾಂಕ್ಯೂ, ಸರ್" ಎಂದು ಹೋದರು.

ದೊಡ್ಡ ಟೀಮಿಗೆ ಮೋಸವಾಗಬಾರದೆಂದು ಹೇಳಿದೆ ಎಂದು ಎಷ್ಟೋ ದಿನ ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ಅವನ ಕೈ ಪೂರ್ತಿ ಮುರಿಯದಿರಲೆಂದು ಹೇಳಿದೆ ಎಂದೂ ಅಂದುಕೊಂಡೆ. ನಿಜ ಬೇರೆ. ಅಧಿಕಾರದಲ್ಲಿರುವ ಒಬ್ಬ ಮನುಷ್ಯ ಬಂದು ನನ್ನನ್ನು ಏನಾದರೂ ಕೇಳಿ ಹದಿನೈದು ವರ್ಷವಾಗಿತ್ತು. ಅವರು ಸರ್ ಎಂದರು. ನನ್ನ ಬಳಿ ಕೊಡಲು ಅದೊಂದೇ ಇತ್ತು.

ಶುಕ್ರವಾರ ಮಗಳೂ ರಜೆ ಹಾಕಿ ನನ್ನ ಜೊತೆ ಬಂದಳು. ಬ್ಯಾಟು ಹಿಡಿದವನ ಹಿಂದಿನ ಸಾಲಿನಲ್ಲಿ ಹುಲ್ಲಿನ ಟೋಪಿ ಹಾಕಿದ ಒಬ್ಬ ಮನುಷ್ಯ, ಮಡಿಲಲ್ಲಿ ಚೆಂಡಿನ ವೇಗ ಅಳೆಯುವ ಯಂತ್ರ ಇಟ್ಟುಕೊಂಡು ಕೂತಿದ್ದ. ಅವನೇ ಆರಿಸಲು ಬಂದವನು. ಒಂಬತ್ತು ಸರದಿಯ ಆಟ. ಏಳನೆಯ ಸರದಿಯಲ್ಲಿ ಬುಲ್‌ಪೆನ್ನಿನ ಫೋನು ಬಡಿಯಿತು. ನಮ್ಮವನೂ ಒಬ್ಬ ಎಡಗೈ ಪಿಚರೂ ಇಬ್ಬರೂ ಎದ್ದು ಎಸೆಯತೊಡಗಿದರು. ಇವನ ಚೆಂಡು ಹಿಡಿಯುವವನ ಕೈಗವಸಿಗೆ ಬಡಿಯುವ ಸದ್ದು ನಾವು ಕೂತಲ್ಲಿಗೆ ಕೇಳುತ್ತಿತ್ತು.

"ಕೇಳಿ ಅಪ್ಪಾ, ಹೇಗೆ ಎಸೀತಿದಾನೆ!" ಮಗಳು ನನ್ನ ತೋಳು ಹಿಡಿದುಕೊಂಡಳು.

ಮ್ಯಾನೇಜರು ಮೈದಾನದ ಮಧ್ಯಕ್ಕೆ ನಡೆದುಹೋಗಿ, ದಣಿದ ಪಿಚರನ ಕೈಯಿಂದ ಚೆಂಡು ತೆಗೆದುಕೊಂಡರು. ಬುಲ್‌ಪೆನ್ನಿನಿಂದ ಯಾರು ಬರಬೇಕೆಂದು ಅವರು ಕೂಗಿ ಹೇಳುವುದಿಲ್ಲ. ಬಲಗೈಯವನು ಬೇಕಾದರೆ ತಮ್ಮ ಬಲತೋಳನ್ನು, ಎಡಗೈಯವನು ಬೇಕಾದರೆ ಎಡತೋಳನ್ನು ಮುಟ್ಟಿ ತೋರಿಸುತ್ತಾರೆ. ಅವರು ಎಡತೋಳು ಮುಟ್ಟಿಕೊಂಡರು.

ನಮ್ಮವನು ಕೂತ. ಎಂಟನೆಯ ಸರದಿಯಲ್ಲಿ ಮತ್ತೆ ಫೋನು. ಅವನು ಮತ್ತೆ ಎದ್ದು ಎಸೆದ. ಮತ್ತೆ ಕರೆಯಲಿಲ್ಲ. ಒಂಬತ್ತನೆಯದರಲ್ಲಿ ಫೋನು ಬಡಿಯಲಿಲ್ಲ, ಆದರೂ ಅವನು ನಿಂತೇ ಇದ್ದ. ಹುಲ್ಲಿನ ಟೋಪಿಯವನು ಯಂತ್ರವನ್ನು ಚೀಲಕ್ಕೆ ಹಾಕಿ ಎದ್ದ.

"ಯಾಕೆ ಇವನನ್ನ ಕಳಿಸ್ಲಿಲ್ಲ? ಮ್ಯಾನೇಜರಿಗೆ ತಲೆ ಕೆಟ್ಟಿದ್ಯಾ?" ಎಂದು ಮಗಳು ಕೇಳಿದಳು.

"ಏನೋ ಕಾರಣ ಇರತ್ತೆ" ಎಂದೆ. ಆ ಹೊತ್ತಿನಲ್ಲಿ ನನಗೆ ನಾಚಿಕೆಯಾಗಲಿಲ್ಲ. ನನ್ನ ಮೆಮೊ ಮೇಲಿನವರಿಗೆ ತಲುಪಿದೆ, ಕ್ರಮ ಜರುಗಿದೆ ಎಂಬ ಹಳೆಯ ತೃಪ್ತಿ ಆಯಿತು. ಇದನ್ನು ಬರೆಯದೆ ಉಳಿದದ್ದನ್ನು ಬರೆದರೆ ಅರ್ಥವಿಲ್ಲ.

ಸೋಮವಾರ ಅವನ ಮೊಣಕೈಯನ್ನು ಸ್ಕ್ಯಾನ್ ಮಾಡಿಸಿದರು. ಬುಧವಾರ ಫಲಿತಾಂಶ ಬಂತು. ಏನೂ ಆಗಿರಲಿಲ್ಲ. ಕಟ್ಟಿದ್ದ ನರ ಗಟ್ಟಿಯಾಗಿತ್ತು, ಊತವಿರಲಿಲ್ಲ, ಎಲ್ಲೂ ಹರಿದಿರಲಿಲ್ಲ. ಇಪ್ಪತ್ತೈದರ ಹುಡುಗನ ಕೈಯಂತಿದೆ ಎಂದು ಡಾಕ್ಟರು ಹೇಳಿದರಂತೆ. ಅಷ್ಟು ಹೊತ್ತಿಗೆ ಆ ದೊಡ್ಡ ಟೀಮು ಶುಕ್ರವಾರ ಎಸೆದ ಎಡಗೈಯವನನ್ನು ಕೊಂಡಾಗಿತ್ತು.

ಆ ರಾತ್ರಿ ಆಟವಿರಲಿಲ್ಲ. ಮೂವರೂ ಊಟಕ್ಕೆ ಕೂತಿದ್ದೆವು, ಬಿಸಿಬೇಳೆಬಾತು. ಮಗಳು ಹುರುಳಿಕಾಯಿ ಬದಿಗೆ ಸರಿಸುತ್ತಾ, ಇಷ್ಟು ದಿನ ನನ್ನ ಬಾಯಿಂದ ಬರದ ಪ್ರಶ್ನೆಯನ್ನು ಸಲೀಸಾಗಿ ಕೇಳಿಬಿಟ್ಟಳು: ನೀನು ಯಾಕೆ ಎಲ್ಲ ಎಡಗೈಯಲ್ಲಿ ಮಾಡುತ್ತೀಯ?

ಅವನು ನಕ್ಕ. ಮೊದಲ ಟೀಮಿನಲ್ಲಿ, ಬುಲ್‌ಪೆನ್ನಿನ ಬೆಂಚಿನ ಮೇಲೆ ಪಕ್ಕದಲ್ಲಿ ಕೂರುತ್ತಿದ್ದ ಹಿರಿಯನೊಬ್ಬ ಕಲಿಸಿದ್ದಂತೆ. ಒಂದು ತೋಳಿನಲ್ಲಿ ಇಂತಿಷ್ಟೇ ಎಸೆತಗಳಿರುತ್ತವೆ, ಅದನ್ನು ಸೂಟ್‌ಕೇಸಿನ ಮೇಲೆ, ಬಾಗಿಲಿನ ಮೇಲೆ ಖರ್ಚು ಮಾಡಬೇಡ ಎಂದು. ಬಲಗೈ ಪಿಚರುಗಳಲ್ಲಿ ಬಹಳ ಜನ ಚೀಲವನ್ನು ಎಡಗೈಯಲ್ಲೇ ಹಿಡಿಯುತ್ತಾರಂತೆ, ಬಲ ಮಗ್ಗುಲಿಗೆ ಮಲಗುವುದಿಲ್ಲವಂತೆ. "ಆಪರೇಷನ್ ಆದ ಮೇಲೆ ನನಗೆ ಸ್ವಲ್ಪ ಹುಚ್ಚು ಹೆಚ್ಚಾಯಿತು. ಚಮಚವನ್ನೂ ಬಿಟ್ಟೆ. ಈ ಕೈ ಚೆಂಡಿಗೆ ಮಾತ್ರ. ಮಗಳನ್ನೂ ಇದರಲ್ಲಿ ಎತ್ತಿಕೊಂಡಿಲ್ಲ."

ಇದನ್ನು ಹೇಳುವಾಗ ಅವನು ನೋಡುತ್ತಿದ್ದುದು ಪ್ರಶ್ನೆ ಕೇಳಿದ ನನ್ನ ಮಗಳನ್ನಲ್ಲ, ನನ್ನನ್ನು. ನಾನು ತಟ್ಟೆ ನೋಡುತ್ತಾ ಕೂತೆ. ನಮ್ಮಲ್ಲಿ ದೇವರಿಗೆ, ಅನ್ನಕ್ಕೆ ಎಂದು ಒಂದು ಕೈಯನ್ನು ಕಾಯುತ್ತೇವೆ. ಅವನೂ ಅದನ್ನೇ ಮಾಡುತ್ತಿದ್ದ. ಅವನ ಬಲಗೈ ನನ್ನ ಬಲಗೈಗಿಂತ ಮಡಿಯಲ್ಲಿತ್ತು.

ಆ ಬೇಸಿಗೆಯಲ್ಲಿ ಅವನನ್ನು ನೋಡಲು ಇನ್ಯಾರೂ ಬರಲಿಲ್ಲ. ಅವನು ಸೆಪ್ಟೆಂಬರ್ ತನಕ ಎಸೆದ, ಚೆನ್ನಾಗಿಯೇ ಎಸೆದ. ಕೊನೆಯ ಆಟದ ಮರುದಿನ, ಆಟ ಬಿಡುತ್ತಿದ್ದೇನೆ ಎಂದು ನಮಗೆ ಹೇಳಿದ. ಹೊರಡುವ ಬೆಳಿಗ್ಗೆ ನಾನು ಪೂಜೆ ಮುಗಿಸುವ ತನಕ ಕಾದು ನಿಂತಿದ್ದ. ತೀರ್ಥಕ್ಕೆ ಬಲಗೈ ಚಾಚಿದ. ಮಗಳು ಹೇಳಿಕೊಟ್ಟಿರಬೇಕು, ಅಥವಾ ಅವನೇ ತಿಳಿದುಕೊಂಡಿರಬೇಕು. ಆ ಅಂಗೈಗೆ ಮೂರು ಸಲ ತೀರ್ಥ ಹಾಕಿದೆ. ಆಮೇಲೆ ಅವನು ಬಗ್ಗಿ, ಎರಡು ಸೂಟ್‌ಕೇಸುಗಳಲ್ಲಿ ದೊಡ್ಡದನ್ನು ಬಲಗೈಯಲ್ಲಿ ಎತ್ತಿದ.

"ನೋಡಿ ತಾತಾ" ಎಂದ. "ಇನ್ನು ಎತ್ತಬಹುದು."

ಅವನ ಹಳೆಯ ಪಿಕಪ್ಪು ಮೂಲೆ ತಿರುಗಿ ಹೋಯಿತು. ಎದುರು ಮನೆಯವನು ಕಸದ ಡಬ್ಬಿ ತಳ್ಳುತ್ತಾ ನನಗೆ ಕೈ ಬೀಸಿದ. ನಾನು ಒಳಗೆ ಬಂದೆ.

ಎರಡು ವರ್ಷ ಯಾರಿಗೂ ಹೇಳಲಿಲ್ಲ. ಈ ವಸಂತದಲ್ಲಿ ಟೀಮಿನವರಿಂದ ಮತ್ತೆ ಪತ್ರ ಬಂತು. ಮಗಳು, "ಈ ಸಲ ಇನ್ನೊಬ್ರನ್ನ ಇಟ್ಕೊಳ್ಳೋಣ್ವಾ ಅಪ್ಪಾ?" ಎಂದಳು. ಬೇಡ ಎಂದೆ. ಯಾಕೆ ಎಂದಳು. ಬೇಡ ಎಂದರೆ ಬೇಡ ಎಂದೆ. ಅವಳು ಬಿಡಲಿಲ್ಲ. ಆಗ ಎಲ್ಲವನ್ನೂ ಹೇಳಿದೆ, ಅಕ್ಕಿ ಚೀಲದಿಂದ ಹಿಡಿದು ಕಂಬಿಯ ಹತ್ತಿರದ ಮಾತಿನ ತನಕ.

"ಕಣ್ಣಿನ ಡಾಕ್ಟರಿಗೆ ಫೋನ್ ಮಾಡಿದ್ರಿ" ಎಂದಳು. "ಸರಟೋಗಾಗೆ ಫೋನ್ ಮಾಡಿದ್ರಿ. ಮ್ಯಾನೇಜರಿಗೆ ಹೇಳಿದ್ರಿ. ಅವನು ಇಲ್ಲೇ, ಇದೇ ಚೇರಲ್ಲಿ, ದಿನಾ ನಿಮ್ಮೆದುರಿಗೆ ಕೂತಿದ್ದ."

"ತಪ್ಪಾಯ್ತು ಕಣಮ್ಮ."

"ನನಗೆ ಹೇಳಿ ಏನ್ ಪ್ರಯೋಜನ?" ನಂಬರು ಒತ್ತಿ ಫೋನನ್ನು ಮೇಜಿನ ಮೇಲೆ ನನ್ನ ಮುಂದಿಟ್ಟಳು.

ಭಾನುವಾರ ಬೆಳಿಗ್ಗೆ. ನಾನು ಫೋನನ್ನು ಕಿವಿಗೆ ಹಿಡಿದೆ. ಅತ್ತ ಕಡೆ ಮಗುವಿನ ಗಲಾಟೆ ಕೇಳಿಸಿತು. ಆಮೇಲೆ, "ತಾತಾ!" ಎಂಬ ಕೂಗು. ಈಗ ಮಾವನ ಜೊತೆ ಮನೆಗಳ ಚಾವಣಿ ಕೆಲಸ ಮಾಡುತ್ತಿದ್ದಾನಂತೆ. ದಿನವಿಡೀ ಏಣಿಯ ಮೇಲೆ ಹಲಗೆ ಎತ್ತುವುದು. ಮಗಳಿಗೆ ನಾಲ್ಕು ತುಂಬಿದೆ. ತೂಕ ಬಂದಿದ್ದಾಳೆ, ಈಗ ಬಲತೋಳಿನಲ್ಲೇ ಎತ್ತಿಕೊಳ್ಳುತ್ತೇನೆ ಎಂದ. ನಾನು ಮಧ್ಯದಲ್ಲೇ ಬಾಯಿ ಹಾಕಿ, ಬರೆದಿಟ್ಟುಕೊಂಡವನಂತೆ ಒಂದೇ ಉಸಿರಿಗೆ ಹೇಳಿದೆ. ಆ ಬುಧವಾರ ನಿನ್ನ ಮ್ಯಾನೇಜರಿಗೆ ಹೇಳಿದವನು ನಾನು. ನಿನ್ನನ್ನು ಶುಕ್ರವಾರ ಕೂರಿಸಿದ್ದು ನಾನು. ನನ್ನನ್ನು ಕ್ಷಮಿಸಬೇಡ, ಆದರೆ ತಿಳಿದುಕೊಂಡಿರು.

ಅತ್ತ ಬಾಗಿಲು ಮುಚ್ಚಿದ ಸದ್ದಾಯಿತು. ಮಗುವಿನ ದನಿ ದೂರವಾಯಿತು.

"ನನಗೆ ಗೊತ್ತಿತ್ತು" ಎಂದ. "ಶುಕ್ರವಾರ ಆಟ ಮುಗಿದ ಕೂಡಲೇ ಮ್ಯಾನೇಜರು ಹೇಳಿದರು. ನಿಮ್ಮ ಮಾತು ಕೇಳಿದ ಮೇಲೂ ನನ್ನನ್ನು ಕಳಿಸಿ ಕೈ ಮುರಿದರೆ ಎಂದು ಅವರಿಗೆ ಹೆದರಿಕೆ. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ."

ಗೊತ್ತಿತ್ತು. ಅವತ್ತು ರಾತ್ರಿ ಮನೆಗೆ ಬಂದು ಮಗಳು ಮುಚ್ಚಿಟ್ಟಿದ್ದ ಮೊಸರನ್ನ ತಿಂದ. ಆಮೇಲೆ ಎಂಟು ವಾರ ನನ್ನ ಎದುರು ಕೂತು ಊಟ ಮಾಡಿದ. ಮುಂದಿನ ಬುಧವಾರ ನನ್ನನ್ನೇ ನೋಡುತ್ತಾ ಕತೆ ಹೇಳಿದ. ಸೂಟ್‌ಕೇಸು ಎತ್ತಿ ತೋರಿಸಿದ. ನಾನು, ಕೈ ನೋಡಿಯೇ ಜೀವನ ಮಾಡಿದವನು, ಅವನ ಮುಖವನ್ನು ಒಂದು ಸಲ ನೋಡಿದ್ದರೆ ಸಾಕಾಗಿತ್ತು.

"ಕೋಪ ಬರಲಿಲ್ಲವೇ?" ಎಂದೆ.

"ಬಂತು. ಮನೆ ಬಿಟ್ಟು ಹೋಗೋಣ ಎಂದುಕೊಂಡೆ. ಹೋಗಲು ಬೇರೆ ರೂಮು ಇರಲಿಲ್ಲ." ಆಮೇಲೆ ಹೇಳಿದ. "ನೀವು ಸುಳ್ಳು ಹೇಳಲಿಲ್ಲ, ತಾತಾ. ನೋಡಿದ್ದನ್ನೇ ಹೇಳಿದಿರಿ. ಆದರೆ ನನ್ನನ್ನು ಒಂದು ಮಾತು ಕೇಳಬಹುದಿತ್ತು."

ಮಗು ಅವನನ್ನು ಕರೆಯಿತು. ಹೋಗಬೇಕು ಎಂದ. ಮತ್ತೆ ಫೋನು ಮಾಡುತ್ತೇನೆ ಎಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮಗಳು ಒಲೆಯ ಮುಂದೆ ನನಗೆ ಬೆನ್ನು ಮಾಡಿ ನಿಂತಿದ್ದಳು. "ಏನಂದ?" ಎಂದಳು.

"ಒಂದು ಮಾತು ಕೇಳಬಹುದಿತ್ತು ಅಂದ."

"ಹೂಂ" ಎಂದಳು. ಕಾಫಿ ಲೋಟವನ್ನು ತಂದು ನನ್ನ ಮುಂದಿಟ್ಟು, ಎದುರಿನ ಕುರ್ಚಿಯನ್ನು ಎಳೆದುಕೊಂಡು ಅವನು ಕೂರುತ್ತಿದ್ದ ಜಾಗದಲ್ಲಿ ಕೂತಳು.